ಎಡ್ವರ್ಡ್ ಕೋಲ್ಸ್: ಗುಲಾಮರನ್ನು ಬಿಡುಗಡೆ ಮಾಡಿದ ಗವರ್ನರ್, ಗುಲಾಮಗಿರಿಯ ಪಕ್ಷದಲ್ಲಿ ಕಾದಾಡಿ ಸತ್ತ ಮಗ

ಹಳೇಕಾಗದ:

ಅಮೆರಿಕದ ಇತಿಹಾಸದ ಮಾತು ಬಂದಾಗಲೆಲ್ಲ ನಾವು ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಸುತ್ತಲೇ ಸುತ್ತುತ್ತೇವೆ. ಇವತ್ತು ಅವರ ನಡುವೆ ಬದುಕಿದ್ದ ಇನ್ನೊಬ್ಬನ ವಿಷಯ ಎತ್ತಬೇಕು ಅನ್ನಿಸಿದೆ. ಎಡ್ವರ್ಡ್ ಕೋಲ್ಸ್. 1822ರಿಂದ 1826ರವರೆಗೆ ಇಲಿನಾಯ್ ರಾಜ್ಯದ ಗವರ್ನರ್, ಆ ರಾಜ್ಯಕ್ಕೆ ಎರಡನೆಯವನು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬರುವುದಿಲ್ಲ, ಜನರಿಂದ ವೋಟು ಪಡೆದು ಗೆದ್ದು ಆಡಳಿತ ನಡೆಸುತ್ತಾನೆ. ಇದು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹುಟ್ಟಿದ್ದು 1786ರ ಡಿಸೆಂಬರ್ 15ರಂದು, ವರ್ಜೀನಿಯಾದ ಆಲ್ಬೆಮಾರ್ಲ್ ಕೌಂಟಿಯಲ್ಲಿ. ಜೆಫರ್ಸನ್ನನ ಮನೆ ಮಾಂಟಿಚೆಲ್ಲೊ ಇರುವುದೂ ಅದೇ ಕೌಂಟಿಯಲ್ಲಿ. ಕೋಲ್ಸ್ ಮನೆತನದ ತೋಟಕ್ಕೆ ಎನ್ನಿಸ್ಕಾರ್ಥಿ ಎಂದು ಹೆಸರು. ಅಜ್ಜ ಐರ್ಲೆಂಡಿನಿಂದ ಬಂದವನು, ತಾನು ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಜಾಗಕ್ಕೂ ಇಟ್ಟಿದ್ದ. ಮನೆ ತುಂಬ ಮಕ್ಕಳು, ತೋಟದ ತುಂಬ ಗುಲಾಮರು. ಹುಡುಗ ವಿಲಿಯಂ ಅಂಡ್ ಮೇರಿ ಕಾಲೇಜಿಗೆ ಓದಲು ಹೋದ. ಅಲ್ಲಿ ಪಾಠ ಹೇಳುತ್ತಿದ್ದವರು ಬಿಷಪ್ ಜೇಮ್ಸ್ ಮ್ಯಾಡಿಸನ್, ಮುಂದೆ ಅಧ್ಯಕ್ಷನಾದ ಮ್ಯಾಡಿಸನ್ನನ ಬಂಧು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂಬ ಪಾಠ ಕೇಳಿದ ಹುಡುಗ, ಹಾಗಾದರೆ ನಮ್ಮ ತೋಟದಲ್ಲಿ ನಡೆಯುತ್ತಿರುವುದು ಯಾವ ನ್ಯಾಯ ಎಂದು ಕೇಳಿಕೊಂಡ. ಪಾಠ ಕೇಳಿದವರು ನೂರಾರು ಹುಡುಗರು, ಉತ್ತರವನ್ನು ಬದುಕಿನಲ್ಲಿ ಹುಡುಕಲು ಹೊರಟವರು ಬಹಳ ಕಡಿಮೆ. ತನ್ನ ಪಾಲಿಗೆ ಬರುವ ಗುಲಾಮರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅವನು ಆಗಲೇ ನಿರ್ಧಾರ ಮಾಡಿದ.

1808ರಲ್ಲಿ ಅಪ್ಪ ತೀರಿಕೊಂಡ. ಪಾಲಿನಲ್ಲಿ ಒಂದು ತೋಟವೂ ಅದರ ಗುಲಾಮರೂ ಬಂದರು. 1810ರಿಂದ 1815ರವರೆಗೆ ಕೋಲ್ಸ್ ಅಧ್ಯಕ್ಷ ಮ್ಯಾಡಿಸನ್ನನ ಖಾಸಗಿ ಕಾರ್ಯದರ್ಶಿ. 1816ರಲ್ಲಿ ರಾಜತಾಂತ್ರಿಕ ಕೆಲಸದ ಮೇಲೆ ರಷ್ಯಕ್ಕೂ ಹೋಗಿಬಂದ. 1819ರ ವಸಂತದಲ್ಲಿ ತನ್ನ ಗುಲಾಮರನ್ನು ಕರೆದುಕೊಂಡು ವರ್ಜೀನಿಯಾ ಬಿಟ್ಟ. ಪಿಟ್ಸ್‌ಬರ್ಗ್‌ನಲ್ಲಿ ಎರಡು ಚಪ್ಪಟೆ ದೋಣಿ ಕೊಂಡು ಓಹಾಯೊ ನದಿಯಲ್ಲಿ ಕೆಳಕ್ಕೆ ಹೊರಟರು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ನಡುನದಿಯಲ್ಲಿ, ಎಲ್ಲರನ್ನೂ ಒಟ್ಟು ಸೇರಿಸಿ ಹೇಳಿದ: ನೀವು ಇನ್ನು ಮೇಲೆ ಗುಲಾಮರಲ್ಲ, ನನ್ನಷ್ಟೇ ಸ್ವತಂತ್ರರು. ನನ್ನ ಜೊತೆ ಬರಬಹುದು, ಇಲ್ಲೇ ದಡಕ್ಕೆ ಇಳಿದು ನಿಮ್ಮ ದಾರಿ ಹಿಡಿಯಬಹುದು.

ಅವರು ಕೆಲಹೊತ್ತು ಮಾತಿಲ್ಲದೆ ಅವನನ್ನೂ ಒಬ್ಬರನ್ನೊಬ್ಬರನ್ನೂ ನೋಡುತ್ತ ನಿಂತರಂತೆ. ಆಮೇಲೆ ತಡೆಯಲಾರದ ನಗು, ಅದರ ಹಿಂದೆಯೇ ಕಣ್ಣೀರು. ಇದನ್ನು ಕೋಲ್ಸ್ ತನ್ನ ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ. ಇಲಿನಾಯ್‌ನಲ್ಲಿ ಪ್ರತಿ ಕುಟುಂಬದ ಯಜಮಾನನಿಗೆ 160 ಎಕರೆ ಜಮೀನು ಕೊಡುತ್ತೇನೆ ಎಂದೂ ಹೇಳಿದ. ಅದರಂತೆ ಕೊಟ್ಟ.

ಈ ಕುಟುಂಬದ ಕಥೆಗೆ ಒಂದು ಕಹಿ ತಿರುವಿದೆ, ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಮಾತು ಕೇಳಬೇಕು.

ಧಾರವಾಡದಾಂವ:

ಭಾಳ ಛಲೋ ವಿಷಯ ತಂದೀರಿ ಸರ್. ಆದ್ರ ನನಗ ಒಂದು ತಿಳೀವಲ್ದು. ಕಾಲೇಜಿನಾಗ ಇದ್ದಾಗನ ನಿರ್ಧಾರ ಮಾಡಿದ್ದ ಅಂತೀರಿ, ಅಪ್ಪ ಸತ್ತದ್ದು 1808ಕ್ಕ, ಬಿಡುಗಡೆ ಮಾಡಿದ್ದು 1819ಕ್ಕ. ನಡುವ ಹನ್ನೊಂದು ವರ್ಷ ಏನು ಮಾಡ್ತಿದ್ದ? ಆ ಮಂದಿ ಅಷ್ಟೂ ವರ್ಷ ಅವನ ತೋಟದಾಗ ದುಡದಾರಲ್ಲ. ಮತ್ತ ಅಪ್ಪ ಇದ್ದಾಗ ಅಪ್ಪನ ಮುಂದ ಬಾಯಿ ಬಿಟ್ಟು ಯಾಕ ಹೇಳ್ಲಿಲ್ಲ?

ಹಳೇಕಾಗದ:

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ.

ಅಪ್ಪನಿಗೆ ಹೇಳದಿರಲು ಕಾರಣ ಸರಳ. ಹೇಳಿದ್ದರೆ ಗುಲಾಮರನ್ನು ಇವನ ಪಾಲಿಗೆ ಬರೆಯುತ್ತಲೇ ಇರಲಿಲ್ಲ, ಅವರು ಅಣ್ಣಂದಿರ ಪಾಲಾಗುತ್ತಿದ್ದರು. ಹಾಗಾಗಿ ಆಸ್ತಿ ಕೈಗೆ ಬರುವವರೆಗೆ ಬಾಯಿ ಮುಚ್ಚಿಕೊಂಡಿದ್ದ. ಬಂದ ಮೇಲೆ ಮನೆಯಲ್ಲಿ ಹೇಳಿದ, ಇಡೀ ಮನೆ ವಿರೋಧಿಸಿತು.

ಎರಡನೆಯದು ಕಾನೂನು. 1806ರಲ್ಲಿ ವರ್ಜೀನಿಯಾ ಒಂದು ಕಾಯಿದೆ ಮಾಡಿತ್ತು. ಅದರ ಪ್ರಕಾರ ಬಿಡುಗಡೆಯಾದ ಗುಲಾಮ ಹನ್ನೆರಡು ತಿಂಗಳೊಳಗೆ ರಾಜ್ಯ ಬಿಡಬೇಕು, ಇಲ್ಲವಾದರೆ ಮತ್ತೆ ಹಿಡಿದು ಮಾರಬಹುದು. ಅಂದರೆ ಅಲ್ಲೇ ಬಿಡುಗಡೆ ಮಾಡಿ ಅಲ್ಲೇ ಕೂಲಿ ಕೊಟ್ಟು ಇಟ್ಟುಕೊಳ್ಳುವ ದಾರಿ ಮುಚ್ಚಿತ್ತು. ಮಾಡುವುದಾದರೆ ಅವರನ್ನು ಬೇರೆಡೆ ಕರೆದೊಯ್ಯಬೇಕು, ಅಲ್ಲಿ ನೆಲ ಕೊಳ್ಳಬೇಕು, ಅದಕ್ಕೆ ಹಣ ಬೇಕು, ಹಣಕ್ಕೆ ತೋಟ ಮಾರಬೇಕು. ನಡುವೆ ಮ್ಯಾಡಿಸನ್ನನ ಕರೆ ಬಂತು.

ಇಷ್ಟೆಲ್ಲ ಕಾರಣ ಕೊಟ್ಟ ಮೇಲೂ ಹನ್ನೊಂದು ವರ್ಷ ಹನ್ನೊಂದು ವರ್ಷವೇ. ದುಡಿದವರು ಅವರು, ಫಲ ಉಂಡವನು ಇವನು. ಅದನ್ನು ನಾನು ಮರೆಮಾಚುವುದಿಲ್ಲ.

ತುಂಗಾತೀರ:

ಜೆಫರ್ಸನ್ ಜೊತೆಗಿನ ಪತ್ರವ್ಯವಹಾರ ಇಲ್ಲಿ ಬರದಿದ್ದರೆ ಈ ಚರ್ಚೆ ಅರ್ಧವೇ ಆಗುತ್ತದೆ.

1814ರ ಜುಲೈ 31ರಂದು ಕೋಲ್ಸ್ ಜೆಫರ್ಸನ್ನನಿಗೆ ಪತ್ರ ಬರೆಯುತ್ತಾನೆ. ಬರೆಯುವವನಿಗೆ 27, ಓದುವವನಿಗೆ 71. ಒಬ್ಬ ಅಧ್ಯಕ್ಷನ ಕಾರ್ಯದರ್ಶಿ, ಇನ್ನೊಬ್ಬ ಸ್ವಾತಂತ್ರ್ಯ ಘೋಷಣೆಯನ್ನೇ ಬರೆದವನು. ಪತ್ರದ ಧಾಟಿ ವಿನಯದ್ದು, ಕೇಳಿಕೆ ಮಾತ್ರ ನೇರ: ವರ್ಜೀನಿಯಾದಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸಲು ಒಂದು ಯೋಜನೆ ಹಾಕಿಕೊಡಿ, ನಿಮ್ಮ ಮಾತಿಗೆ ಇರುವ ತೂಕ ಬೇರೆ ಯಾರ ಮಾತಿಗೂ ಇಲ್ಲ. ಜೊತೆಗೆ ತನ್ನ ಸಂಗತಿಯನ್ನೂ ಹೇಳಿಕೊಂಡ, ತಾನು ಗುಲಾಮರನ್ನು ಇಟ್ಟುಕೊಳ್ಳಲಾರೆ, ಅದಕ್ಕಾಗಿ ಹುಟ್ಟೂರು ಬಿಡಲು ತಯಾರಾಗಿದ್ದೇನೆ ಎಂದು.

ಜೆಫರ್ಸನ್ನನ ಉತ್ತರಕ್ಕೆ ಆಗಸ್ಟ್ 25ರ ತಾರೀಖಿದೆ. ಬ್ರಿಟಿಷ್ ಸೈನ್ಯ ವಾಷಿಂಗ್ಟನ್ ನಗರಕ್ಕೆ ಬೆಂಕಿಯಿಟ್ಟದ್ದು ಅದರ ಹಿಂದಿನ ದಿನ. ಉತ್ತರದಲ್ಲಿ ಗುಲಾಮಗಿರಿ ತಪ್ಪೆಂದು ಒಪ್ಪುತ್ತಾನೆ, ನ್ಯಾಯವೂ ದೇಶಪ್ರೇಮವೂ ಆ ಜನರ ಪರವಾಗಿಯೇ ಇವೆ ಅನ್ನುತ್ತಾನೆ. ಆದರೆ ಈ ಕೆಲಸ ಹುಡುಗರದು, ನನ್ನನ್ನು ಕರೆಯುವುದು ಟ್ರಾಯ್ ಯುದ್ಧದ ಕಥೆಯ ಮುದುಕ ರಾಜ ಪ್ರಯಾಮನಿಗೆ ಅವನ ವೀರ ಮಗ ಹೆಕ್ಟರನ ಕವಚ ತೊಡು ಎಂದ ಹಾಗೆ, ಎಂದು ಬರೆದು ಪಕ್ಕಕ್ಕೆ ಸರಿಯುತ್ತಾನೆ. ಮೇಲಾಗಿ ಕೋಲ್ಸ್‌ಗೇ ಬುದ್ಧಿ ಹೇಳುತ್ತಾನೆ: ಊರು ಬಿಡಬೇಡ, ನಿನ್ನ ಗುಲಾಮರನ್ನು ಚೆನ್ನಾಗಿ ನೋಡಿಕೊಂಡು ಇಲ್ಲೇ ಇರು, ಒಳಗಿದ್ದುಕೊಂಡೇ ಜನರ ಮನಸ್ಸು ತಿರುಗಿಸು.

ಕೋಲ್ಸ್ ಸೆಪ್ಟೆಂಬರ್ 26ರಂದು ಮತ್ತೆ ಬರೆದ. ನಿಮ್ಮ ವಯಸ್ಸು ದಾಟಿದ ಮೇಲೂ ಸ್ವಾತಂತ್ರ್ಯ ಹೋರಾಟದ ಹಿರಿಯ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಭಾರದ ಕೆಲಸಗಳನ್ನೇ ಹೊತ್ತು ನಡೆಸಿದರಲ್ಲ ಎಂದು ನೆನಪಿಸಿದ. ಇಪ್ಪತ್ತೇಳರ ಯುವಕ ಜೆಫರ್ಸನ್ನನಿಗೆ ಹೀಗೆ ಬರೆಯಬೇಕಾದರೆ ಎದೆಗಾರಿಕೆ ಬೇಕು.

ಈಗ ನನ್ನ ಪ್ರಶ್ನೆ. ಜೆಫರ್ಸನ್ನನದು ನುಣುಚಿಕೊಳ್ಳುವ ಉತ್ತರ, ಸರಿ. ಆದರೂ ಅವನ ಒಂದು ಮಾತನ್ನು ಹಾಗೇ ತಳ್ಳಿಹಾಕಬಹುದೇ? ಮನಸ್ಸಾಕ್ಷಿ ಇದ್ದವರೆಲ್ಲ ಊರು ಬಿಟ್ಟು ಹೋದರೆ ಊರಿನಲ್ಲಿ ಉಳಿಯುವವರು ಯಾರು?

ನೇರಮಾತು:

ತುಂಗಾತೀರ ಅವರೇ, ಊರಲ್ಲೇ ಉಳಿದು ಒಳಗಿನಿಂದ ಬದಲಾಯಿಸುತ್ತೇನೆ ಅಂದವರು ಎಷ್ಟು ಬದಲಾಯಿಸಿದರು? ಜೆಫರ್ಸನ್ 1826ರಲ್ಲಿ ಸತ್ತಾಗ ಉಯಿಲಿನಲ್ಲಿ ಐವರಿಗೆ ಮಾತ್ರ ಬಿಡುಗಡೆ. ಮಿಕ್ಕವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಸಾಲ ತೀರಿಸಲು ಹರಾಜು ಹಾಕಿದರು. ಒಳಗಿದ್ದುಕೊಂಡು ಮಾಡಿದ ಕೆಲಸದ ಫಲ ಅದು. ಕೋಲ್ಸ್ ಓಡಿಹೋಗಿದ್ದರೂ, ಅವನ ದೋಣಿಯಲ್ಲಿದ್ದ ಒಬ್ಬರೂ ಹರಾಜಿನ ಕಟ್ಟೆ ಹತ್ತಲಿಲ್ಲ.

ಪ್ರೇರಿಕನ್ನಡಿಗ:

ನಾನು ಇಲಿನಾಯ್‌ನಲ್ಲೇ ಇರುವವನು, ಮೂಲ ಹಾಸನ. ಕೋಲ್ಸ್ ನೆಲೆ ನಿಂತದ್ದು ಎಡ್ವರ್ಡ್ಸ್‌ವಿಲ್‌ನಲ್ಲಿ. ಸೇಂಟ್ ಲೂಯಿಸ್‌ನಿಂದ ಮಿಸಿಸಿಪ್ಪಿ ದಾಟಿ ಈಶಾನ್ಯಕ್ಕೆ ಹೋದರೆ ಆ ಊರು ಸಿಗುತ್ತದೆ. ಅಲ್ಲಿ ಅವನ ಸ್ಮಾರಕ ಇದೆ. ಸ್ಪ್ರಿಂಗ್‌ಫೀಲ್ಡ್‌ನ ರಾಜ್ಯ ವಿಧಾನಭವನದಲ್ಲಿ ಆ ದೋಣಿಯ ದೃಶ್ಯದ ಭಿತ್ತಿಚಿತ್ರವೂ ಇದೆ. ಅವನ ಹೆಸರಿನ ಕೋಲ್ಸ್ ಕೌಂಟಿಯಲ್ಲೇ ಲಿಂಕನ್ನನ ಅಪ್ಪ ಥಾಮಸ್ ಲಿಂಕನ್ನನ ಸಮಾಧಿ ಇರುವುದು.

ನದಿಯ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1824.

ಇಲಿನಾಯ್ ಉತ್ತರದ ರಾಜ್ಯ, ಅಲ್ಲಿ ಗುಲಾಮಗಿರಿ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಇಲಿನಾಯ್ ಸೇರಿದ್ದ ವಾಯವ್ಯ ಪ್ರಾಂತ್ಯಕ್ಕೆ 1787ರಲ್ಲಿ ಮಾಡಿದ ಶಾಸನದಲ್ಲಿ ಗುಲಾಮಗಿರಿ ನಿಷೇಧ ಇತ್ತು ನಿಜ. ಆದರೆ ಮೊದಲಿಂದ ನೆಲೆಸಿದ್ದ ಫ್ರೆಂಚರ ಗುಲಾಮರು ಹಾಗೆಯೇ ಉಳಿದರು. ಕರಿಯ ಜನರಿಂದ ಹತ್ತಾರು ವರ್ಷದ ಜೀತದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ಬೆಳೆದಿತ್ತು. ಶಾನೀಟೌನ್ ಹತ್ತಿರ ಉಪ್ಪು ಕಾಯಿಸುವ ಕೆಲಸಕ್ಕೆ ಹೊರರಾಜ್ಯದ ಗುಲಾಮರನ್ನು ಬಾಡಿಗೆಗೆ ತರಲು 1818ರ ರಾಜ್ಯ ಸಂವಿಧಾನವೇ 1825ರವರೆಗೆ ಅವಕಾಶ ಕೊಟ್ಟಿತ್ತು. ವಲಸೆ ಬಂದವರಲ್ಲಿ ಹೆಚ್ಚಿನವರು ಕೆಂಟಕಿ, ಟೆನೆಸಿ, ವರ್ಜೀನಿಯಾ ಕಡೆಯವರು. ಮಿಸೌರಿಗೆ ಹೋಗುವ ಸಿರಿವಂತರು ಗುಲಾಮರ ಸಮೇತ ತಮ್ಮ ನೆಲ ದಾಟಿಕೊಂಡು ಹೋಗುವುದನ್ನು ನೋಡಿ, ನಾವೂ ಬಾಗಿಲು ತೆರೆದರೆ ಹಣ ಇಲ್ಲೇ ನಿಲ್ಲುತ್ತಿತ್ತಲ್ಲ ಎಂಬ ಆಸೆ ಇವರಿಗೆ.

1822ರ ಚುನಾವಣೆಯಲ್ಲಿ ನಾಲ್ಕು ಜನ ನಿಂತರು. ಕೋಲ್ಸ್‌ಗೆ ಬಂದದ್ದು 2,854 ಮತ, ಒಟ್ಟು ಮತದ ಮೂರನೆಯ ಒಂದು ಪಾಲು. ಗುಲಾಮಗಿರಿಯ ಕಡೆಯ ಮತ ಇಬ್ಬರು ನ್ಯಾಯಾಧೀಶರ ನಡುವೆ, ಫಿಲಿಪ್ಸ್ ಮತ್ತು ಬ್ರೌನ್ ನಡುವೆ, ಒಡೆದುಹೋಗಿದ್ದರಿಂದ ಅವನು ಗೆದ್ದ. ಅಂದರೆ ಶಾಸನಸಭೆಯಲ್ಲಿ ಬಹುಮತ ಎದುರಾಳಿಗಳದು. ಉಪ ಗವರ್ನರ್ ಅಡಾಲ್ಫಸ್ ಹಬ್ಬರ್ಡ್ ಕೂಡ ಎದುರು ಪಕ್ಷದವನು.

ಇಂಥ ಸ್ಥಿತಿಯಲ್ಲಿ ಬೇರೆ ಯಾರಾದರೂ ಸುಮ್ಮನಿದ್ದು ನಾಲ್ಕು ವರ್ಷ ಕಳೆಯುತ್ತಿದ್ದರು. ಕೋಲ್ಸ್ ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲೇ ಉಳಿದ ಗುಲಾಮಗಿರಿಯನ್ನು ಕಿತ್ತುಹಾಕಿ, ಕರಿಯರ ಮೇಲಿನ ಕಾನೂನುಗಳನ್ನು ಸಡಿಲಿಸಿ ಎಂದ. ಅದಕ್ಕೆ ಉತ್ತರವಾಗಿ ಎದುರಾಳಿಗಳು ಹೊಸ ಸಂವಿಧಾನ ಸಭೆ ಕರೆಯುವ ನಿರ್ಣಯ ತಂದರು. ಗುರಿ ಗುಲಾಮಗಿರಿಯನ್ನು ಕಾನೂನುಬದ್ಧ ಮಾಡುವುದು ಎಂದು ಎಲ್ಲರಿಗೂ ಗೊತ್ತಿತ್ತು. ಮೂರನೇ ಎರಡು ಬಹುಮತಕ್ಕೆ ಒಂದು ವೋಟು ಕಡಿಮೆ ಬಿದ್ದಾಗ, ಆಗಲೇ ಸದನದಲ್ಲಿ ಕೂತಿದ್ದ ನಿಕೋಲಸ್ ಹ್ಯಾನ್ಸನ್ ಎಂಬ ಸದಸ್ಯನನ್ನು ಎಬ್ಬಿಸಿ ಹೊರಗೆ ಹಾಕಿ, ಅವನ ಎದುರು ಸ್ಪರ್ಧಿಸಿದ್ದ ಜಾನ್ ಶಾ ಎಂಬವನನ್ನು ಕೂರಿಸಿ ವೋಟು ಹಾಕಿಸಿದರು. ಆ ರಾತ್ರಿ ರಾಜಧಾನಿ ವ್ಯಾಂಡೇಲಿಯಾದಲ್ಲಿ ಡೋಲು ಕಹಳೆ ಬಾರಿಸುತ್ತ ಗವರ್ನರನ ಮನೆ ಮುಂದೆ ಮೆರವಣಿಗೆ ಮಾಡಿದರು.

ನಿರ್ಣಯ ಜನರ ಮುಂದೆ ಹೋಯಿತು. ಒಂದೂವರೆ ವರ್ಷ ಪ್ರಚಾರ. ಗವರ್ನರನ ಸಂಬಳ ವರ್ಷಕ್ಕೆ 1,000 ಡಾಲರ್, ಆ ನಾಲ್ಕು ವರ್ಷದ ಸಂಬಳವನ್ನು ಅವನು ಇದಕ್ಕೇ ಸುರಿದ. ವ್ಯಾಂಡೇಲಿಯಾದ ಪತ್ರಿಕೆಯನ್ನು ಸ್ನೇಹಿತರ ಜೊತೆ ಸೇರಿ ಕೈಗೆ ತೆಗೆದುಕೊಂಡ. ಫಿಲಡೆಲ್ಫಿಯಾದ ಕ್ವೇಕರ್ ಪಂಥದ ರಾಬರ್ಟ್ಸ್ ವಾಕ್ಸ್ ಕರಪತ್ರ ಮುದ್ರಿಸಿ ಕಳಿಸಿದ. ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಮಾರಿಸ್ ಬರ್ಕ್‌ಬೆಕ್ 'ಜೊನಾಥನ್ ಫ್ರೀಮನ್' ಎಂಬ ಗುಪ್ತನಾಮದಲ್ಲಿ ರೈತರಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರಗಳನ್ನು ಬರೆದ. ಬ್ಯಾಪ್ಟಿಸ್ಟ್ ಪ್ರಚಾರಕ ಜಾನ್ ಮೇಸನ್ ಪೆಕ್ ಊರೂರು ತಿರುಗಿದ. 1824ರ ಆಗಸ್ಟ್ 2ರಂದು ಮತದಾನ. ಸಂವಿಧಾನ ಸಭೆ ಬೇಕು ಅಂದವರು 4,972, ಬೇಡ ಅಂದವರು 6,640.

ಆ 1,668 ಮತ ಆಚೆಗೆ ಬಿದ್ದಿದ್ದರೆ ಮಿಸಿಸಿಪ್ಪಿಯ ಈಚೆಗೂ ಒಂದು ದೊಡ್ಡ ಗುಲಾಮ ರಾಜ್ಯ ಎದ್ದು ನಿಲ್ಲುವ ಅಪಾಯ ಇತ್ತು. ಲಿಂಕನ್ನನ ಕುಟುಂಬ ಇಲಿನಾಯ್‌ಗೆ ಬಂದದ್ದು 1830ರಲ್ಲಿ. ಅವರು ಬಂದು ಸೇರಿದ ರಾಜ್ಯ ಹೀಗೆ ಉಳಿದುಕೊಂಡ ರಾಜ್ಯ.

ವಕೀಲರಮನೆ:

ಪ್ರೇರಿಕನ್ನಡಿಗರ ಬರಹಕ್ಕೆ ವಂದನೆ. ಇದೇ ಹೊತ್ತಿನಲ್ಲಿ ಕೋಲ್ಸ್ ಮೇಲೆ ನಡೆದ ಮೊಕದ್ದಮೆಯನ್ನೂ ಹೇಳಲೇಬೇಕು. ಕಾನೂನನ್ನು ಸೇಡಿಗೆ ಹೇಗೆ ಬಳಸುತ್ತಾರೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಅಪರೂಪ.

1819ರ ಮಾರ್ಚ್‌ನಲ್ಲಿ ಇಲಿನಾಯ್ ಒಂದು ಕಾಯಿದೆ ಮಾಡಿತ್ತು. ಹೊರಗಿನಿಂದ ಗುಲಾಮರನ್ನು ತಂದು ಬಿಡುಗಡೆ ಮಾಡುವವನು ಪ್ರತಿ ವ್ಯಕ್ತಿಗೆ 1,000 ಡಾಲರಿನ ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ತಲೆಗೆ 200 ಡಾಲರ್ ದಂಡ. ಕೋಲ್ಸ್ ವರ್ಜೀನಿಯಾ ಬಿಡುವ ಹೊತ್ತಿಗೆ ಈ ಕಾಯಿದೆ ಆಗಷ್ಟೇ ಆಗಿತ್ತು, ಅದು ಇನ್ನೂ ಅಚ್ಚಾಗಿ ಹೊರಬಂದಿರಲಿಲ್ಲ. ಅವನು 1819ರ ಜುಲೈ 4ರ ತಾರೀಖು ಹಾಕಿ ಬಿಡುಗಡೆಯ ಪತ್ರಗಳನ್ನು ಬರೆದುಕೊಟ್ಟ. ಅಮೆರಿಕದ ಸ್ವಾತಂತ್ರ್ಯ ದಿನದ ಆ ತಾರೀಖನ್ನು ಅವನು ಬೇಕೆಂದೇ ಆರಿಸಿದ್ದು. ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಮೇಲೆ ಆಸ್ತಿಯ ಹಕ್ಕು ಇರಲಾರದು ಎಂಬ ಮಾತು ಆ ಪತ್ರಗಳಲ್ಲೇ ಇದೆ.

ಐದು ವರ್ಷ ಯಾರೂ ಕೇಳಲಿಲ್ಲ. ಸಂವಿಧಾನ ಸಭೆಯ ಜಗಳ ಕಾವೇರಿದ 1824ರಲ್ಲಿ, ಎಡ್ವರ್ಡ್ಸ್‌ವಿಲ್ ಇರುವ ಮ್ಯಾಡಿಸನ್ ಕೌಂಟಿಯ ಹೆಸರಿನಲ್ಲಿ ಕೇಸು ಬಿತ್ತು. ಅಧಿಕಾರದಲ್ಲಿರುವ ಗವರ್ನರನ ಮೇಲೆ 2,000 ಡಾಲರ್ ದಂಡದ ತೀರ್ಪು. ಅವನ ಎರಡು ವರ್ಷದ ಸಂಬಳ ಅದು. ಶಾಸನಸಭೆ 1825ರಲ್ಲಿ ಇಂಥ ದಂಡಗಳನ್ನು ಮಾಫಿ ಮಾಡಿ ಕಾಯಿದೆ ತಂದರೂ ನ್ಯಾಯಾಧೀಶ ಸ್ಯಾಮ್ಯುಯೆಲ್ ಮೆಕ್‌ರಾಬರ್ಟ್ಸ್ ಅದನ್ನು ಒಪ್ಪಲಿಲ್ಲ. ಕೊನೆಗೆ 1826ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪನ್ನು ರದ್ದು ಮಾಡಿತು.

ಒಬ್ಬ ಮನುಷ್ಯನನ್ನು ಇನ್ನೊಬ್ಬರಿಗೆ ಮಾರಿದ್ದರೆ ಹಣ ಎಣಿಸಿಕೊಳ್ಳಬಹುದಿತ್ತು, ಬಿಟ್ಟುಕಳಿಸಿದ್ದಕ್ಕೆ ದಂಡ ತೆರು ಎಂದಿತು ಕಾನೂನು. ಆ ಕಾಲದ ನ್ಯಾಯಾಲಯಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಇದೊಂದು ಕೇಸು ಸಾಕು.

ಅಂಚೆಪೆಟ್ಟಿಗೆ:

ಅದೇ ಕಾಲದಲ್ಲಿ ಎಡ್ವರ್ಡ್ಸ್‌ವಿಲ್ ಹತ್ತಿರದ ಅವನ ಫಾರಂಗೆ ಬೆಂಕಿ ಬಿದ್ದು ಕಟ್ಟಡ, ಬೇಲಿ, ಹಣ್ಣಿನ ಗಿಡ ಸುಟ್ಟುಹೋದವು. ಹಬ್ಬರ್ಡ್ ವಿಷಯ ಬಂದಿದ್ದರಿಂದ ಇದನ್ನೂ ಸೇರಿಸುತ್ತೇನೆ: 1825ರಲ್ಲಿ ಕೋಲ್ಸ್ ಪೂರ್ವ ರಾಜ್ಯಗಳ ಕಡೆ ಪ್ರವಾಸ ಹೋದಾಗ ಹಬ್ಬರ್ಡ್ ಪ್ರಭಾರ ವಹಿಸಿಕೊಂಡ. ಕೋಲ್ಸ್ ವಾಪಸ್ ಬಂದ ಮೇಲೆ ಕುರ್ಚಿ ಬಿಡಲು ಒಪ್ಪಲಿಲ್ಲ, ರಾಜ್ಯ ಬಿಟ್ಟು ಹೋದವನು ಹುದ್ದೆಯನ್ನೂ ಬಿಟ್ಟಂತೆ ಎಂದು ವಾದ ಹೂಡಿದ. ವಾದ ನಿಲ್ಲಲಿಲ್ಲ.

ನೇರಮಾತು:

ಎಲ್ಲ ಓದಿದೆ. ಕೋಲ್ಸ್ ಮೇಲೆ ಗೌರವ ಹೆಚ್ಚಿತು. ಆದರೆ ಇಷ್ಟು ಉದ್ದದ ಚರ್ಚೆಯಲ್ಲಿ ದೋಣಿಯಲ್ಲಿದ್ದ ಒಬ್ಬರ ಹೆಸರೂ ಬಂದಿಲ್ಲ. ಜೆಫರ್ಸನ್ ಬಂದ, ಮ್ಯಾಡಿಸನ್ ಬಂದ, ಹಬ್ಬರ್ಡ್ ಕೂಡ ಬಂದ. ಅವರಿಗೆ ಹೆಸರಿತ್ತು: ರಾಲ್ಫ್ ಕ್ರಾಫರ್ಡ್, ಕೇಟ್ ಕ್ರಾಫರ್ಡ್, ರಾಬರ್ಟ್ ಕ್ರಾಫರ್ಡ್, ಥಾಮಸ್ ಕಾಬ್.

ಆ ಪ್ರಯಾಣದ ಭಾರ ಹೊತ್ತವನು ರಾಲ್ಫ್. ವರ್ಜೀನಿಯಾದಿಂದ ಬೆಟ್ಟ ಹತ್ತಿಳಿದು ಪೆನ್ಸಿಲ್ವೇನಿಯಾದವರೆಗೆ ಗಾಡಿಗಳನ್ನು, ಹೆಂಗಸರು ಮಕ್ಕಳನ್ನು ಅವನ ಮೇಲ್ವಿಚಾರಣೆಯಲ್ಲಿ ಮುಂದೆ ಕಳಿಸಿ ಕೋಲ್ಸ್ ಹಿಂದಿನಿಂದ ಬಂದು ಕೂಡಿಕೊಂಡ. ನದಿಯ ಮೇಲೆ ಬಿಡುಗಡೆಯ ಮಾತು ಕೇಳಿದಾಗ ಅವರು ಹೇಳಿದ್ದೇನು ಗೊತ್ತೇ? ನೀನು ಹೊಸ ಊರಿನಲ್ಲಿ ಬೇರೂರುವವರೆಗೆ, ಖರ್ಚು ವಸೂಲಾಗುವವರೆಗೆ ನಾವು ನಿನಗಾಗಿಯೇ ದುಡಿಯುತ್ತೇವೆ ಎಂದು. ಕೋಲ್ಸ್ ಬೇಡ ಅಂದ. ರಾಬರ್ಟ್ ಕ್ರಾಫರ್ಡ್ ಮುಂದೆ ಕೋಲ್ಸ್‌ನ ಫಾರಂ ನೋಡಿಕೊಂಡ, ಧರ್ಮಬೋಧಕನಾದ. ಎಡ್ವರ್ಡ್ಸ್‌ವಿಲ್ ಪಕ್ಕದ ಪಿನ್ ಓಕ್ ಭಾಗದಲ್ಲಿ ಸ್ವತಂತ್ರ ಕರಿಯರ ಒಂದು ನೆಲೆಯೇ ಬೆಳೆಯಿತು. ಕಾನೂನು ಅವರಿಗೆ ಮತದ ಹಕ್ಕು ಕೊಡಲಿಲ್ಲ. ಬಿಡುಗಡೆಯ ಪತ್ರ ಕೈಯಲ್ಲಿಲ್ಲದೆ ಪಕ್ಕದ ಊರಿಗೂ ಧೈರ್ಯವಾಗಿ ಹೋಗುವ ಹಾಗಿರಲಿಲ್ಲ. ಅಂಥಲ್ಲಿ ಉಳುಮೆ ಮಾಡಿ ಮಕ್ಕಳನ್ನು ಬೆಳೆಸಿದರು.

ಇನ್ನೊಂದು. ಕೋಲ್ಸ್ ಸ್ವತಂತ್ರ ಕರಿಯರನ್ನು ಆಫ್ರಿಕಕ್ಕೆ ಕಳಿಸುವ ಚಳವಳಿಯನ್ನೂ ಬೆಂಬಲಿಸಿದ. ಬಿಳಿಯರು ಅವರನ್ನು ಸಮಾನವಾಗಿ ಬಾಳಲು ಬಿಡುವುದಿಲ್ಲ ಎಂಬುದು ಅವನ ನಂಬಿಕೆ. ಅಂಥ ಒಳ್ಳೆಯ ಮನುಷ್ಯನಿಗೂ ಇವರು ಇಲ್ಲೇ ನೆರೆಯವರಾಗಿ ಇರಲಿ ಎನ್ನುವುದು ಕಷ್ಟವಾಯಿತು. ಇದನ್ನು ಬಿಟ್ಟು ಅವನನ್ನು ಹೊಗಳಿದರೆ ಅದು ಇತಿಹಾಸ ಆಗುವುದಿಲ್ಲ.

ಧಾರವಾಡದಾಂವ:

ಹೆಸರು ಹಾಕಿದ್ದು ಭಾಳ ಛಲೋ ಆತು ನೋಡ್ರಿ. ರಾಲ್ಫ್ ಕ್ರಾಫರ್ಡ್ ಗಾಡಿ ಹೊಡಕೊಂಡು ಬೆಟ್ಟ ದಾಟೂ ಮುಂದ ಅವಗ ಬಿಡುಗಡೆ ಸುದ್ದಿ ಗೊತ್ತಿದ್ದಿಲ್ಲ ಅಂದ್ರ, ಎಲ್ಲಿಗೆ ಹೊಂಟೇವಿ, ನಮ್ಮನ್ನ ಯಾರಿಗೆ ಮಾರ್ತಾನ ಅನ್ನೂ ಅಂಜಿಕಿ ಮನಸ್ಸಿನ್ಯಾಗ ಇದ್ದೇ ಇದ್ದೀತು. ಹಂಗಿದ್ರೂ ಮಂದೀನ್ನ ಸುರಕ್ಷಿತ ಮುಟ್ಟಿಸ್ಯಾನ.

ಕಾವೇರಿಕೊಳ್ಳ:

ಹಳೇಕಾಗದ ಸರ್ ಕುಟುಂಬದ ತಿರುವು ಹೇಳುವ ಮೊದಲು ಅವನ ಒಡಹುಟ್ಟಿದವರ ಬಗ್ಗೆ ನಾನು ಸ್ವಲ್ಪ ಬರೆಯಲೇ? ಇದು ಸಾಧಾರಣ ಮನೆತನ ಅಲ್ಲ.

ಅಣ್ಣ ಐಸಾಕ್ ಕೋಲ್ಸ್ ಅಧ್ಯಕ್ಷ ಜೆಫರ್ಸನ್ನನ ಕಾರ್ಯದರ್ಶಿಯಾಗಿದ್ದ. ಮ್ಯಾಡಿಸನ್ನನ ಹೆಂಡತಿ ಡಾಲಿ ಇವರ ಬಂಧು, ಅವಳ ತಾಯಿಯ ತವರು ಕೋಲ್ಸ್ ಮನೆತನವೇ. ಅಕ್ಕ ರೆಬೆಕ್ಕಾಳನ್ನು ದಕ್ಷಿಣ ಕ್ಯಾರೊಲಿನಾದ ದೊಡ್ಡ ತೋಟದ ಯಜಮಾನ ರಿಚರ್ಡ್ ಸಿಂಗಲ್ಟನ್‌ಗೆ ಕೊಟ್ಟಿದ್ದರು. ಅವರ ಮಗಳು ಆಂಜೆಲಿಕಾ ಅಧ್ಯಕ್ಷ ವ್ಯಾನ್ ಬ್ಯೂರನ್ನನ ಸೊಸೆಯಾದಳು. ವ್ಯಾನ್ ಬ್ಯೂರನ್ ವಿಧುರ, ಹಾಗಾಗಿ ಶ್ವೇತಭವನದ ಮನೆಯೊಡತಿಯ ಕೆಲಸವೆಲ್ಲ ಈ ಸೊಸೆಯದೇ. ಸಹೋದರಿ ಸ್ಯಾಲಿಯ ಗಂಡ ಆಂಡ್ರ್ಯೂ ಸ್ಟೀವನ್ಸನ್ ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್, ಆಮೇಲೆ ಬ್ರಿಟನ್ನಿಗೆ ರಾಯಭಾರಿ. 1838ರಲ್ಲಿ ಐರಿಷ್ ನಾಯಕ ಡ್ಯಾನಿಯಲ್ ಒಕಾನೆಲ್ ತುಂಬಿದ ಸಭೆಯಲ್ಲಿ ಈ ಸ್ಟೀವನ್ಸನ್ ಗುಲಾಮರನ್ನು ಮಾರಾಟಕ್ಕೆಂದೇ ಸಾಕುವವನು ಎಂದು ಜರಿದು ದೊಡ್ಡ ರಂಪವಾಯಿತು.

ಒಂದೇ ಮನೆಯಲ್ಲಿ ಒಬ್ಬ ತಮ್ಮ ಗುಲಾಮರನ್ನು ಬಿಟ್ಟು ಆಸ್ತಿ ಕಳೆದುಕೊಂಡ, ಒಬ್ಬ ಭಾವ ಗುಲಾಮರ ಒಡೆಯ ಎಂದು ಇಂಗ್ಲೆಂಡಿನಲ್ಲಿ ಛೀಮಾರಿ ಹಾಕಿಸಿಕೊಂಡ. ಆದರೂ ಇವರ ನಡುವಿನ ಪತ್ರ, ಹೋಗಿಬರುವುದು ನಿಲ್ಲಲಿಲ್ಲ. ಎಡ್ವರ್ಡ್ ಮನೆಯವರನ್ನು ದೂರ ಮಾಡಿಕೊಂಡವನಲ್ಲ. ನನಗೆ ಇದು ಅವನ ದೌರ್ಬಲ್ಯವಾಗಿ ಕಾಣುವುದಿಲ್ಲ, ಆದರೆ ಮುಂದೆ ಆದದ್ದಕ್ಕೆ ಇದರಲ್ಲಿ ಒಂದು ಎಳೆ ಇದೆ.

ಜನರನ್ನು ಕೂಡಿಸುವ ಗುಣ ಅವನಲ್ಲಿ ಮೊದಲಿಂದ ಇತ್ತು. 1811ರಲ್ಲಿ ಅಣ್ಣ ಜಾನ್ ಜೊತೆ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್ ಮನೆಗೆ ಹೋಗಿದ್ದ. ಜೆಫರ್ಸನ್ ಮತ್ತು ಆಡಮ್ಸ್ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾತಿನ ನಡುವೆ ಆಡಮ್ಸ್, ಜೆಫರ್ಸನ್ ಮೇಲೆ ನನಗೆ ಯಾವತ್ತೂ ಪ್ರೀತಿ ಇತ್ತು, ಈಗಲೂ ಇದೆ ಅಂದ. ಆ ಮಾತು ಜೆಫರ್ಸನ್ನನ ಕಿವಿ ತಲುಪಿದ ಮೇಲೆ 1812ರಲ್ಲಿ ಇಬ್ಬರ ಪತ್ರವ್ಯವಹಾರ ಮತ್ತೆ ಶುರುವಾಗಿ ಸಾಯುವವರೆಗೆ ನಡೆಯಿತು.

ಮ್ಯಾಡಿಸನ್ ವಿಷಯದಲ್ಲಿ ಮಾತ್ರ ಅವನು ಸೋತ. ಉಯಿಲಿನಲ್ಲಾದರೂ ಗುಲಾಮರಿಗೆ ಬಿಡುಗಡೆ ಬರೆಯಿರಿ ಎಂದು ಒತ್ತಾಯಿಸಿದ್ದ. 1836ರಲ್ಲಿ ಮ್ಯಾಡಿಸನ್ ತೀರಿಕೊಂಡಾಗ ಉಯಿಲಿನಲ್ಲಿ ಅದು ಇರಲಿಲ್ಲ. ಒಪ್ಪಿಗೆಯಿಲ್ಲದೆ ಮಾರಬೇಡಿ ಎಂಬ ಕೋರಿಕೆಯೊಂದೇ ಇತ್ತು, ಡಾಲಿ ಕಷ್ಟಕ್ಕೆ ಸಿಕ್ಕಿ ಅವರನ್ನು ಮಾರಿದಳು.

ಹಳೇಕಾಗದ:

ಕಾವೇರಿಕೊಳ್ಳ ಮೇಡಂ, ನೀವು ಹಿಡಿದ ಎಳೆಯಿಂದಲೇ ಮುಂದುವರಿಸುತ್ತೇನೆ.

ಗವರ್ನರ್ ಅವಧಿ ಮುಗಿದ ಮೇಲೆ ರಾಜಕೀಯ ಅವನ ಕೈ ಹಿಡಿಯಲಿಲ್ಲ. 1831ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ನಿಂತು ಸೋತ. ಇಲಿನಾಯ್ ಬಿಟ್ಟು ಫಿಲಡೆಲ್ಫಿಯಾ ಸೇರಿದ. 1833ರ ನವೆಂಬರ್ 28ರಂದು ಅಲ್ಲಿನ ಸ್ಯಾಲಿ ಲೋಗನ್ ರಾಬರ್ಟ್ಸ್ ಜೊತೆ ಮದುವೆ. ಆಗ ಅವನಿಗೆ 46, ಅಷ್ಟು ವರ್ಷ ಬ್ರಹ್ಮಚಾರಿ. ಮೂರು ಮಕ್ಕಳು: ಮೇರಿ, ಎಡ್ವರ್ಡ್, ರಾಬರ್ಟ್ಸ್. ಕಿರಿಯವನಿಗೆ ಇಟ್ಟದ್ದು ತಾಯಿಯ ತವರಿನ ಮನೆತನದ ಹೆಸರು.

ಗುಲಾಮಗಿರಿ ಇಲ್ಲದ ರಾಜ್ಯದಲ್ಲಿ ಹುಟ್ಟಿ ಬೆಳೆದ ಆ ರಾಬರ್ಟ್ಸ್ ದೊಡ್ಡವನಾದ ಮೇಲೆ ಅಪ್ಪನ ಹುಟ್ಟೂರಿನ ಸೆಳೆತಕ್ಕೆ ಸಿಕ್ಕ. ವರ್ಜೀನಿಯಾಕ್ಕೆ ಹೋಗಿ ನೆಲೆಸಿದ, ತೋಟ ಮಾಡಿದ, ಗುಲಾಮರನ್ನು ಇಟ್ಟುಕೊಂಡ. 1861ರಲ್ಲಿ ಉತ್ತರದ ರಾಜ್ಯಗಳಿಗೂ ದಕ್ಷಿಣದ ಗುಲಾಮ ರಾಜ್ಯಗಳಿಗೂ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ಸೈನ್ಯ ಸೇರಿ ಕ್ಯಾಪ್ಟನ್ ಆದ. 1862ರ ಫೆಬ್ರವರಿ 8ರಂದು ಉತ್ತರ ಕ್ಯಾರೊಲಿನಾದ ರೋನೋಕ್ ದ್ವೀಪದ ಕದನದಲ್ಲಿ ಸತ್ತ. ವಯಸ್ಸು ಇಪ್ಪತ್ತರ ಆಸುಪಾಸು. ವರ್ಜೀನಿಯಾದ ಮಾಜಿ ಗವರ್ನರ್ ಹೆನ್ರಿ ವೈಸ್‌ನ ಮಗ ಜೆನ್ನಿಂಗ್ಸ್ ವೈಸ್‌ಗೂ ಅದೇ ಕದನದಲ್ಲಿ ಸಾವಿನ ಗಾಯ ಆಯಿತು. ಆದರೆ ವೈಸ್‌ನ ಮಗ ಅಪ್ಪನ ಪಕ್ಷದಲ್ಲೇ ನಿಂತು ಸತ್ತ. ಕೋಲ್ಸ್‌ನ ಮಗ ಅಪ್ಪ ಬಿಟ್ಟುಬಂದದ್ದನ್ನು ಉಳಿಸಿಕೊಳ್ಳಲು ಹೋಗಿ ಸತ್ತ.

ತುಂಗಾತೀರ:

ಇದನ್ನು ಓದಿ ಸಂಕಟವಾಯಿತು. ಅಪ್ಪ ಮಗನಿಗೆ ಏನೂ ಹೇಳಿರಲಿಲ್ಲವೇ ಅನ್ನಿಸುತ್ತದೆ.

ವಕೀಲರಮನೆ:

ಹೇಳದೆ ಇದ್ದ ಮನುಷ್ಯನಲ್ಲ ಅವನು. 1856ರಲ್ಲಿ, ಎಪ್ಪತ್ತರ ಅಂಚಿನಲ್ಲಿ, 1787ರ ಶಾಸನದ ಇತಿಹಾಸ ಬರೆದು ಪೆನ್ಸಿಲ್ವೇನಿಯಾದ ಇತಿಹಾಸ ಸಂಘದಲ್ಲಿ ಓದಿಸಿದ. ಎರಡು ವರ್ಷ ಮೊದಲು ಕಾನ್ಸಾಸ್-ನೆಬ್ರಾಸ್ಕ ಕಾಯಿದೆ ಬಂದಿತ್ತು. ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಹೊಸ ಪ್ರಾಂತ್ಯದವರೇ ವೋಟು ಹಾಕಿ ತೀರ್ಮಾನಿಸಲಿ ಎಂಬ ವಾದದ ಮುಂದಾಳು ಇಲಿನಾಯ್‌ನ ಸೆನೆಟರ್ ಡಗ್ಲಾಸ್. ಕೇಂದ್ರದ ನಿಷೇಧಕ್ಕೆ ಬೆಲೆ ಇತ್ತು, ಅದಿಲ್ಲದಿದ್ದರೆ ಇಲಿನಾಯ್ ಉಳಿಯುತ್ತಿರಲಿಲ್ಲ ಎಂದು ಆ ಹೋರಾಟ ಮಾಡಿದವನೇ ಬರೆದ. ರಾಬರ್ಟ್ಸ್ ಆಗ ಅದೇ ಮನೆಯಲ್ಲಿ ಹದಿಹರೆಯದ ಹುಡುಗ.

ಕಾವೇರಿಕೊಳ್ಳ:

ಹೇಳಿದ್ದ ಸರಿ. ಆದರೆ ಬೇಸಿಗೆ ಬಂದರೆ ನೆಂಟರ ತೋಟ, ಸಿಂಗಲ್ಟನ್ನರ ವೈಭವ, ಸ್ಟೀವನ್ಸನ್ನರ ಹೆಸರು, ಇವೆಲ್ಲ ಮಗನ ಕಣ್ಣ ಮುಂದೆಯೇ ಇದ್ದವು. ಅಪ್ಪ ಗುಲಾಮಗಿರಿಯನ್ನು ದ್ವೇಷಿಸಿದ, ವರ್ಜೀನಿಯಾವನ್ನು ಕೊನೆಯವರೆಗೂ ಪ್ರೀತಿಸಿದ. ಮಗನಿಗೆ ಆ ಪ್ರೀತಿ ದಾಟಿತು, ದ್ವೇಷ ದಾಟಲಿಲ್ಲ. ನಾನು ಈ ಸಂಗತಿಯನ್ನು ಅರ್ಥ ಮಾಡಿಕೊಂಡಿರುವುದು ಹೀಗೆ. ಅಪ್ಪ ಆ ತೀರ್ಮಾನಕ್ಕೆ ಬಂದದ್ದು ತೋಟದ ನಡುವೆ ಬದುಕಿ, ಗುಲಾಮರ ಮುಖ ನೋಡಿ, ಮನೆಯವರ ಜೊತೆ ಸೆಣಸಿ. ಮಗನಿಗೆ ಅದು ಸಿದ್ಧವಾಗಿ ಸಿಕ್ಕಿತ್ತು.

ನೇರಮಾತು:

ಅಷ್ಟು ಮೃದುವಾಗಿ ಹೇಳಲು ನನಗೆ ಆಗುವುದಿಲ್ಲ ಅಕ್ಕಾ. ರಾಬರ್ಟ್ಸ್ ಕೈಯಲ್ಲಿ ಬೇರೆ ಆಯ್ಕೆ ಇತ್ತು. ಅವನ ಅಣ್ಣ ಎಡ್ವರ್ಡ್ ಅದೇ ಮನೆಯಲ್ಲಿ ಬೆಳೆದು ಫಿಲಡೆಲ್ಫಿಯಾದಲ್ಲೇ ವಕೀಲನಾಗಿ ಬದುಕಿದ. ಇವನು ಎದ್ದು ಹೋಗಿ ಮನುಷ್ಯರ ಒಡೆಯನಾದ. ಸಾವಿಗೆ ಮರುಗುತ್ತೇನೆ, ಆಯ್ಕೆಗೆ ಅಲ್ಲ.

ಪ್ರೇರಿಕನ್ನಡಿಗ:

ಅಪ್ಪ ಆಮೇಲೆ ಆರು ವರ್ಷ ಬದುಕಿದ್ದ. ಗುಲಾಮಗಿರಿಯನ್ನು ಇಡೀ ದೇಶದಲ್ಲಿ ರದ್ದು ಮಾಡುವ 13ನೇ ತಿದ್ದುಪಡಿಗೆ 1865ರ ಫೆಬ್ರವರಿ 1ರಂದು ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಇಲಿನಾಯ್. ಅದೇ ತಿಂಗಳು, ಕೋಲ್ಸ್ 1822ರಲ್ಲಿ ತೆಗೆಯಿರಿ ಎಂದಿದ್ದ ಕರಿಯರ ಮೇಲಿನ ಕಾನೂನುಗಳನ್ನೂ ಇಲಿನಾಯ್ ತೆಗೆದುಹಾಕಿತು. ಅವನು 1868ರ ಜುಲೈ 7ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ಸಮಾಧಿ ಅಲ್ಲಿನ ವುಡ್‌ಲ್ಯಾಂಡ್ಸ್ ಸ್ಮಶಾನದಲ್ಲಿದೆ.

ಧಾರವಾಡದಾಂವ:

ಪ್ರೇರಿ ಸರ್, ಆ ಪಿನ್ ಓಕ್ ಕಡೆ ನೀವು ಹೋದ್ರ ಅಲ್ಲಿ ಏನೇನು ಉಳದೈತಿ ನೋಡಿ ಬರೀರಿ. ಗವರ್ನರ್ ಕತಿ ಕೇಳಿದ್ವಿ, ಕ್ರಾಫರ್ಡ್ ಮಂದಿ ಕತಿ ಅರ್ಧಕ್ಕ ನಿಂತೈತಿ.

ಹಳೇಕಾಗದ:

ನನ್ನದೂ ಅದೇ ಕೋರಿಕೆ. ಮಾರಿಸ್ ಬರ್ಕ್‌ಬೆಕ್ ಬಗ್ಗೆ ಬೇರೆಯೇ ಎಳೆ ಶುರು ಮಾಡುತ್ತೇನೆ. ಕೋಲ್ಸ್ ಅವನನ್ನು ರಾಜ್ಯದ ಕಾರ್ಯದರ್ಶಿಯಾಗಿ ನೇಮಿಸಿದ, ಸೆನೆಟ್ ಒಪ್ಪಲಿಲ್ಲ, 1825ರಲ್ಲಿ ಅವನು ಫಾಕ್ಸ್ ನದಿ ದಾಟುವಾಗ ಮುಳುಗಿ ಸತ್ತ. ರೈತರಿಗೆ ಅವನು ಬರೆದ ಆ ಪತ್ರಗಳಲ್ಲಿ ಏನಿತ್ತು ಎಂಬುದನ್ನು ಅಲ್ಲಿ ನೋಡೋಣ.